ಬ್ರಿಟಿಷ್ ಸೇನೆ ಸೇರಿದ ಐರಿಷರು ಸ್ವಂತ ಊರಲ್ಲೇ ದ್ರೋಹಿಗಳಾದರಾ? ಸೆಮಿನಾರಿಗೆ ಮಾಹಿತಿ ಬೇಕು

ದೊಡ್ಡಪೇಟೆ_ಓದುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎಂ.ಎ. ಇತಿಹಾಸದ ಸೆಮಿನಾರಿಗೆ ಇಪ್ಪತ್ತು ನಿಮಿಷದ ಪ್ರಬಂಧ ಮಂಡಿಸಬೇಕು. ಬ್ರಿಟಿಷ್ ಸೇನೆಯಲ್ಲಿ ದುಡಿದ ಐರಿಷರನ್ನು ಐರ್ಲೆಂಡಿನ ಜನ ಹೇಗೆ ಕಂಡರು ಅನ್ನೋದು ವಿಷಯ. ಮೂರು ಕಡೆ ಗಾಡಿ ನಿಂತಿದೆ.

"ಅವರನ್ನು ದ್ರೋಹಿಗಳೆಂದು ಕಂಡರು" ಅಂತ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಬಹುದಾ? ಮೊದಲ ಮಹಾಯುದ್ಧದಲ್ಲಿ ಸತ್ತ ಐರಿಷರು ಒಂದು ಕಡೆ 30 ಸಾವಿರ, ಇನ್ನೊಂದು ಕಡೆ 49 ಸಾವಿರ ಅಂತಿದೆ, ಯಾವುದನ್ನು ಹಿಡಿಯಲಿ? ಇನ್ನು, ನಮ್ಮ ಸೀಮೆಗೆ ಅಂಟುವ ಒಂದು ಎಳೆಯಾದರೂ ಇರಲಿ ಅಂತ ಗೈಡ್ ಹೇಳಿದ್ದಾರೆ. ಹರಿಹರದ ದಂಡಿನಲ್ಲಿ ಐರಿಷ್ ಪಲ್ಟನ್ ಇತ್ತು ಅನ್ನೋ ಮಾತು ನಿಜವಾ?

ಕೋಟೆಕಲ್ಲು, ಚಿತ್ರದುರ್ಗ

ಒಂದೇ ವಾಕ್ಯದಲ್ಲಿ ಮುಗಿಸಿದರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳ್ತೀರಿ. 1914ರಲ್ಲಿ ಬ್ಯಾಂಡು ಬಾರಿಸಿ ಕಳಿಸಿಕೊಟ್ಟ ಊರೇ 1919ರಲ್ಲಿ ಮುಖ ತಿರುಗಿಸಿತು. ಹೋದವನೂ ಬಂದವನೂ ಒಬ್ಬನೇ. ಅವನು ಕಂದಕದಲ್ಲಿದ್ದಾಗ ಊರಿನ ರಾಜಕೀಯವೇ ಮಗುಚಿ ಬಿದ್ದಿತ್ತು. ಪ್ರಬಂಧದ ಗೂಟ ಇಲ್ಲೇ ಹೊಡೀರಿ.

ತಿರುವು ಹೇಗಾಯ್ತು ಅಂದರೆ: ಹೋಂ ರೂಲ್ ನಾಯಕ ಜಾನ್ ರೆಡ್ಮಂಡ್ 1914ರ ಸೆಪ್ಟೆಂಬರ್ 20ರಂದು ವುಡನ್‌ಬ್ರಿಜ್ ಎಂಬಲ್ಲಿ ರಾಷ್ಟ್ರೀಯವಾದಿಗಳ ಸ್ವಯಂಸೇವಕ ಪಡೆಯಾದ ಐರಿಷ್ ವಾಲಂಟಿಯರ್ಸ್‌ಗೆ ಯುದ್ಧಕ್ಕೆ ಹೋಗುವಂತೆ ಕರೆ ಕೊಟ್ಟರು. ಸಂಘಟನೆ ಒಡೆಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ರೆಡ್ಮಂಡ್ ಕಡೆ ನಿಂತರು, ಹತ್ತು ಹನ್ನೆರಡು ಸಾವಿರ ಮಾತ್ರ ಒಲ್ಲೆ ಅಂದರು. 1916ರಲ್ಲಿ ಡಬ್ಲಿನ್ನಿನಲ್ಲಿ ಬ್ರಿಟಿಷರ ವಿರುದ್ಧ ಎದ್ದ ಈಸ್ಟರ್ ದಂಗೆಗೆ ಮುಖ್ಯವಾಗಿ ಇಳಿದದ್ದು ಆ ಸಣ್ಣ ಪಾಲಿನವರೇ. ದಂಗೆಯ ದಿನಗಳಲ್ಲಿ ಡಬ್ಲಿನ್ನಿನ ಬಡ ಕೇರಿಗಳ ಹೆಂಗಸರು ಬೈದದ್ದು ಬ್ರಿಟಿಷರನ್ನಲ್ಲ, ದಂಗೆ ಎದ್ದವರನ್ನು. ಗಂಡ ಫ್ರಾನ್ಸಿನಲ್ಲಿ, ಸೇನೆ ಕೊಡುವ ಸೆಪರೇಷನ್ ಭತ್ಯೆಯಿಂದಲೇ ಮನೆಯ ಒಲೆ ಉರಿಯಬೇಕು. ಮೇ 3ರಿಂದ 12ರೊಳಗೆ ಬ್ರಿಟಿಷರು 15 ಜನ ಬಂಡಾಯಗಾರರನ್ನು ಗುಂಡಿಟ್ಟು ಕೊಂದ ಮೇಲೆ ಗಾಳಿ ತಿರುಗಿತು. 1918ರ ಏಪ್ರಿಲ್‌ನಲ್ಲಿ ಕಡ್ಡಾಯ ಸೇನಾ ಭರ್ತಿಯನ್ನು ಐರ್ಲೆಂಡಿಗೂ ಹೇರಲು ಹೊರಟದ್ದು ಉಳಿದ ಸಹನೆಯನ್ನೂ ಮುಗಿಸಿತು. ಆ ವರ್ಷದ ಡಿಸೆಂಬರ್ ಚುನಾವಣೆಯಲ್ಲಿ 105ರಲ್ಲಿ 73 ಸ್ಥಾನ ಸ್ವತಂತ್ರ ಗಣರಾಜ್ಯ ಬೇಕೆಂದ ಸಿನ್ ಫೇನ್ ಪಕ್ಷದ ಪಾಲಾಯಿತು.

ಅಂದರೆ ಸೈನಿಕರು ಮನೆಗೆ ಬಂದದ್ದು ಇನ್ನೊಬ್ಬರು ಗೆದ್ದ ಊರಿಗೆ. 1919ರಿಂದ 21ರ ನಡುವೆ ಕೆಲವು ಮಾಜಿ ಸೈನಿಕರನ್ನು ಐ.ಆರ್.ಎ. (ಬ್ರಿಟಿಷರ ವಿರುದ್ಧ ಕಾದುತ್ತಿದ್ದ ಐರಿಷ್ ರಿಪಬ್ಲಿಕನ್ ಆರ್ಮಿ) ಬೇಹುಗಾರರೆಂದು ಕೊಂದಿತು. ಅದೇ ಐ.ಆರ್.ಎ.ಯ ಹೆಸರಾಂತ ದಳನಾಯಕ ಟಾಮ್ ಬ್ಯಾರಿ ಮೆಸೊಪೊಟೇಮಿಯಾದಲ್ಲಿ ಬ್ರಿಟಿಷ್ ಸಮವಸ್ತ್ರ ತೊಟ್ಟಿದ್ದವರು! ಹಾಗಾಗಿ "ಬ್ರಿಟಿಷ್ ಸೇನೆ ಸೇರಿದವ = ಬ್ರಿಟಿಷ್ ಭಕ್ತ" ಅನ್ನೋ ಸಮೀಕರಣ ಬಿಟ್ಟುಬಿಡಿ.

ಇನ್ನೊಂದು ಗುಂಡಿ: "ಸ್ವಾತಂತ್ರ್ಯ ಬಂದ ಕೂಡಲೇ ಮರೆತರು" ಅಂತ ಬರೆಯೋದು. 1920ರ ದಶಕದಲ್ಲಿ ಮಹಾಯುದ್ಧ ನಿಂತ ದಿನವಾದ ನವೆಂಬರ್ 11ಕ್ಕೆ ಡಬ್ಲಿನ್ನಿನಲ್ಲಿ ಹತ್ತಾರು ಸಾವಿರ ಜನ ಸೇರ್ತಿದ್ದರು. ಸತ್ತ ಸೈನಿಕರ ನೆನಪಿಗೆ ಎದೆಗೆ ಸಿಕ್ಕಿಸಿದ ಕೆಂಪು ಪಾಪಿ ಹೂವನ್ನು ವಿರೋಧಿಗಳು ಕಿತ್ತುಕೊಳ್ತಿದ್ದರು. ಕಿತ್ತವರ ಬೆರಳು ಕುಯ್ಯಲಿ ಅಂತ ಹೂವಿನ ಹಿಂದೆ ಬ್ಲೇಡು ಇಟ್ಟುಕೊಂಡವರೂ ಇದ್ದರು. ಇದು ಮರೆವಲ್ಲ, ಬೀದಿಜಗಳ. ಸರ್ಕಾರದ ಮಟ್ಟದ ಮುಜುಗರ ಬೇರೆ. ಸಂಸತ್ ಭವನದ ಎದುರಿನ ಮೆರಿಯನ್ ಚೌಕದಲ್ಲಿ ಸ್ಮಾರಕ ಬೇಡ ಎಂದು 1927ರಲ್ಲಿ ವಾದಿಸಿದ ಮಂತ್ರಿ ಕೆವಿನ್ ಒಹಿಗಿನ್ಸ್ ಅವರ ಸ್ವಂತ ಸಹೋದರನೇ ಆ ಯುದ್ಧದಲ್ಲಿ ಸತ್ತಿದ್ದ. ಸ್ಮಾರಕ ಕೊನೆಗೆ ಊರಾಚೆ ಐಲೆಂಡ್‌ಬ್ರಿಜ್‌ಗೆ ಹೋಯಿತು. ವಿನ್ಯಾಸ ಎಡ್ವಿನ್ ಲುಟಿಯೆನ್ಸ್ ಅವರದು, ದೆಹಲಿಯ ಇಂಡಿಯಾ ಗೇಟ್ ಮಾಡಿದವರೇ. 1939ರ ಹೊತ್ತಿಗೆ ಕೆಲಸ ಮುಗಿದರೂ ಉದ್ಘಾಟನೆ ಆಗಲಿಲ್ಲ. ಹಾಳುಬಿದ್ದು, ದುರಸ್ತಿಯಾಗಿ, ಸಮರ್ಪಣೆಯಾದದ್ದು 1988ರಲ್ಲಿ.

ಪಟ್ಟಿಪುಸ್ತಕ

ಸಂಖ್ಯೆಯ ವಿಚಾರ. 49 ಸಾವಿರದ ಮೂಲ 1923ರಲ್ಲಿ ಎಂಟು ಸಂಪುಟಗಳಲ್ಲಿ ಅಚ್ಚಾದ ಐರ್ಲೆಂಡಿನ ಸ್ಮಾರಕ ದಾಖಲೆ. ಅದರಲ್ಲಿ 49,435 ಹೆಸರಿವೆ. ತಪ್ಪಾಗೋದು ಎಲ್ಲಿ ಅಂದರೆ, ಐರಿಷ್ ರೆಜಿಮೆಂಟಿನಲ್ಲಿ ಸತ್ತವರನ್ನೆಲ್ಲ ಹುಟ್ಟೂರು ನೋಡದೆ ಸೇರಿಸಿದ್ದಾರೆ. ಯುದ್ಧದ ಕೊನೆಕೊನೆಗೆ ಐರ್ಲೆಂಡಿನಿಂದ ಆಳು ಸಿಗದೆ ಆ ಪಲ್ಟನ್‌ಗಳಿಗೆ ಇಂಗ್ಲೆಂಡಿನವರನ್ನೇ ತುಂಬಿದ್ದರು. ಐರ್ಲೆಂಡಿನಲ್ಲಿ ಹುಟ್ಟಿದವರು ಅಂತ ನಮೂದಾದವರು ಸುಮಾರು 31 ಸಾವಿರ. ಇತ್ತ ಕೆನಡಾ, ಆಸ್ಟ್ರೇಲಿಯಾ ಪಡೆಗಳಲ್ಲಿ ಸತ್ತ ಎಷ್ಟೋ ಐರಿಷರು ಬಿಟ್ಟುಹೋಗಿದ್ದಾರೆ. ಆದ್ದರಿಂದ "30ರಿಂದ 35 ಸಾವಿರ" ಅಂತ ಬರೆದು, 49 ಸಾವಿರ ಯಾಕೆ ಅಲ್ಲ ಅಂತ ಅಡಿಟಿಪ್ಪಣಿ ಹಾಕಿ. ಸೇವೆ ಮಾಡಿದವರು ಸುಮಾರು 2 ಲಕ್ಷ ಹತ್ತು ಸಾವಿರ. ಕಡ್ಡಾಯ ಭರ್ತಿ ಅಲ್ಲಿ ಜಾರಿಯಾಗಲೇ ಇಲ್ಲ ಅನ್ನೋದನ್ನೂ ಸೇರಿಸಿ.

ಒಬ್ಬ ಸೈನಿಕನ ಉದಾಹರಣೆ ಬೇಕಾದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಿಂದ ಶುರು ಮಾಡಿ, ದುಡ್ಡಿಲ್ಲ. ಹೆಸರಿನ ಜೊತೆ ರೆಜಿಮೆಂಟು ಹಾಕದಿದ್ದರೆ ನೂರಾರು ಮರ್ಫಿಗಳು ಬರ್ತಾರೆ. ತಂದೆತಾಯಿಯ ವಿಳಾಸ ಸಿಕ್ಕರೆ ಅದನ್ನು ಹಿಡಿದು ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ 1911ರ ಜನಗಣತಿಗೆ ಹೋಗಿ, ಅದೂ ಉಚಿತ. ಮನೆಯವರ ಕಸುಬು, ಧರ್ಮ, ಎಷ್ಟು ಕೋಣೆಯ ಮನೆ ಎಲ್ಲ ಅಲ್ಲಿದೆ. ಯಾಕೆ ಸೇರಿದ ಅನ್ನೋದಕ್ಕೆ ಅರ್ಧ ಉತ್ತರ ಆ ಕೋಣೆಗಳ ಲೆಕ್ಕದಲ್ಲೇ ಸಿಗುತ್ತೆ. ಸೇವಾ ಕಡತ ಸಿಗದಿದ್ದರೆ ಗಾಬರಿ ಬೇಡ. 1940ರ ಬಾಂಬ್ ದಾಳಿಯ ಬೆಂಕಿಯಲ್ಲಿ ಅಂಥ ಕಡತಗಳ ಬಹುಪಾಲು ಲಂಡನ್ನಿನಲ್ಲಿ ಸುಟ್ಟುಹೋದವು.

ತುಂಗಭದ್ರೆ_ದಂಡೆ, ಹರಿಹರ

ಹರಿಹರದ ಹತ್ತಿರ 1865ರವರೆಗೆ ದಂಡು ಇದ್ದದ್ದು ನಿಜ. ಆದರೆ ಅಲ್ಲಿ ಬೀಡುಬಿಟ್ಟಿದ್ದದ್ದು ನೇಟಿವ್ ಇನ್‌ಫೆಂಟ್ರಿ, ಅಂದರೆ ದೇಶೀ ಸಿಪಾಯಿಗಳ ಪಲ್ಟನ್. ಅಧಿಕಾರಿಗಳಲ್ಲಿ ಐರಿಷರು ಇದ್ದಿರಬಹುದು, ಐರಿಷ್ ಪಲ್ಟನ್ ಅನ್ನಬೇಡಿ. ಹೆಸರು ಹುಡುಕೋದಾದರೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಸರಣಿ ನೋಡಿ. ಮದ್ರಾಸ್ ಪ್ರಾಂತ್ಯದ ಚರ್ಚುಗಳು ಕಳಿಸಿದ ದೀಕ್ಷಾಸ್ನಾನ, ಮದುವೆ, ಸಮಾಧಿ ಪಟ್ಟಿಗಳು ಅವು.

ಗಟ್ಟಿ ಎಳೆ ಬೇಕಾದರೆ ಚನ್ನಗಿರಿ ಹಿಡೀರಿ. ಬ್ರಿಟಿಷರ ವಿರುದ್ಧ ಬಂಡೆದ್ದ ಧೋಂಡಿಯಾ ವಾಘ್ ಹುಟ್ಟಿದ ಊರು. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಅವನನ್ನು ಮುಗಿಸಿದ ಸೈನ್ಯದ ನಾಯಕ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್, ಐರ್ಲೆಂಡಿನಲ್ಲೇ ಹುಟ್ಟಿದವನು. ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಅವನ ಸ್ಮಾರಕಸ್ತಂಭ ಇವತ್ತಿಗೂ ನಿಂತಿದೆ. ಬುಡದ ಕಂಚಿನ ಫಲಕಗಳಲ್ಲಿ ಒಂದು ಅವನ ಭಾರತದ ಯುದ್ಧಗಳದ್ದು. ಅದೇ ಊರಿನಲ್ಲಿದ್ದ, ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನ ಸ್ಮಾರಕ ಕಂಬವನ್ನು 1966ರಲ್ಲಿ ಸ್ಫೋಟಿಸಿ ಉರುಳಿಸಿದರು, ಇದಕ್ಕೆ ಏನೂ ಆಗಲಿಲ್ಲ.

ಆದರೆ ಎಚ್ಚರ. ವೆಲ್ಲೆಸ್ಲಿ ಆಳುವ ಪ್ರೊಟೆಸ್ಟೆಂಟ್ ಜಮೀನ್ದಾರಿ ಮನೆತನದ ಕುಡಿ. ಹೊಟ್ಟೆಪಾಡಿಗೆ ಸೇರಿದ ಕ್ಯಾಥೊಲಿಕ್ ಸಿಪಾಯಿಯನ್ನೂ ಅವನನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಡಿ. 1830ರಲ್ಲಿ ಬ್ರಿಟಿಷ್ ಸೇನೆಯ ಶೇ. 42ರಷ್ಟು ಜನ ಐರ್ಲೆಂಡಿನಲ್ಲಿ ಹುಟ್ಟಿದವರು. ಜನರ ಧೋರಣೆ ಅಂತ ನೀವು ಅಳೀಬೇಕಾದ್ದು ಇವರ ಬಗ್ಗೆ.

ಕೋಟೆಕಲ್ಲು, ಚಿತ್ರದುರ್ಗ

ಭಾರತದ ಎಳೆ ಅಂದಮೇಲೆ ಬ್ರಿಟಿಷ್ ಸೇನೆಯ ಐರಿಷ್ ಪಲ್ಟನ್ ಕನಾಟ್ ರೇಂಜರ್ಸ್ ಬಿಡೋ ಹಾಗಿಲ್ಲ. 1920ರ ಜೂನ್ 28ರಂದು ಜಲಂಧರಿನಲ್ಲಿ, ತಮ್ಮ ನಾಡಿನಲ್ಲಿ ಬ್ರಿಟಿಷ್ ಪಡೆ ನಡೆಸುತ್ತಿದ್ದ ದೌರ್ಜನ್ಯ ವಿರೋಧಿಸಿ ಆಯುಧ ಕೆಳಗಿಟ್ಟರು. ಜೇಮ್ಸ್ ಡಾಲಿ ಎಂಬ ಸಿಪಾಯಿಯನ್ನು ನವೆಂಬರ್ 2ರಂದು ದಗ್‌ಶಾಯಿಯಲ್ಲಿ ಗುಂಡಿಟ್ಟು ಕೊಂದರು. ಬಂಡೆದ್ದವರಿಗೆ ಪಿಂಚಣಿ ಕೊಡಲು ಐರ್ಲೆಂಡಿನ ಡಿ ವೆಲೆರಾ ಸರ್ಕಾರ 1936ರಲ್ಲಿ ಕಾಯಿದೆಯನ್ನೇ ಮಾಡಿತು.

ಇದರ ಪಕ್ಕದಲ್ಲೇ 1945ರ ಆಗಸ್ಟಿನ ಆದೇಶ ಇಡಿ. ಎರಡನೇ ಮಹಾಯುದ್ಧದಲ್ಲಿ ತಟಸ್ಥ ಐರ್ಲೆಂಡಿನ ಸೇನೆ ಬಿಟ್ಟು ಹೋದ ಸುಮಾರು 5 ಸಾವಿರ ಜನಕ್ಕೆ ಪಿಂಚಣಿ ಹಕ್ಕಿಲ್ಲ, ಏಳು ವರ್ಷ ಸರ್ಕಾರಿ ಕೆಲಸವೂ ಇಲ್ಲ. ಅವರಲ್ಲಿ ಬಹಳ ಜನ ಹಿಟ್ಲರನ ವಿರುದ್ಧ ಬ್ರಿಟಿಷ್ ಪಡೆಗಳಲ್ಲಿ ಹೋರಾಡಿದವರು. ಜನ ಅದನ್ನು "ಉಪವಾಸದ ಆದೇಶ" ಅಂತಲೇ ಕರೆದರು. ಕ್ಷಮಾದಾನದ ಕಾಯಿದೆ ಬಂದದ್ದು 2013ರಲ್ಲಿ, ಬಹುಪಾಲು ಜನ ತೀರಿಹೋದ ಮೇಲೆ. ಒಂದೇ ಸರ್ಕಾರದ ಎರಡು ಕಾಗದ, ಒಂದೇ ಸ್ಲೈಡಿಗೆ ಸಾಕು.

ಮಳೆಬಿಲ್ಲು_77

ಈಗ ಎಲ್ಲ ಸರಿಹೋಗಿದೆ ಅಂತ ಮಾತ್ರ ಮುಗಿಸಬೇಡಿ. 1987ರಲ್ಲಿ ಉತ್ತರ ಐರ್ಲೆಂಡಿನ ಎನ್ನಿಸ್ಕಿಲೆನ್‌ನಲ್ಲಿ ಐ.ಆರ್.ಎ. ಬಾಂಬು ಯುದ್ಧದಲ್ಲಿ ಸತ್ತವರ ಸ್ಮರಣೆಗೆ ನೆರೆದಿದ್ದ 11 ಜನರನ್ನು ಕೊಂದಮೇಲೆ ದಕ್ಷಿಣದವರ, ಅಂದರೆ ಸ್ವತಂತ್ರ ಐರ್ಲೆಂಡಿನವರ ಮನಸ್ಸು ಕರಗಿದ್ದು ಹೌದು. 2011ರಲ್ಲಿ ರಾಣಿ ಎಲಿಜಬೆತ್ ಐಲೆಂಡ್‌ಬ್ರಿಜ್‌ನಲ್ಲಿ ಹೂಚಕ್ರ ಇಟ್ಟದ್ದೂ ಹೌದು. ಆದರೆ ಉತ್ತರ ಐರ್ಲೆಂಡಿನ ಡೆರಿ ಊರಿನ ಫುಟ್‌ಬಾಲ್ ಆಟಗಾರ ಜೇಮ್ಸ್ ಮೆಕ್‌ಕ್ಲೀನ್ ಪಾಪಿ ಧರಿಸಲು ಒಪ್ಪಲಿಲ್ಲ. ಎರಡು ಮಹಾಯುದ್ಧಗಳಿಗಷ್ಟೇ ಆದರೆ ಧರಿಸುತ್ತಿದ್ದೆ ಅಂತ 2014ರಲ್ಲಿ ಪತ್ರ ಬರೆದರು. 1972ರ ಜನವರಿ 30ರಂದು ಬ್ರಿಟಿಷ್ ಸೇನೆಯ ಪ್ಯಾರಾಶೂಟ್ ರೆಜಿಮೆಂಟ್ ನಿಶ್ಶಸ್ತ್ರ ಜನರ ಮೇಲೆ ಗುಂಡು ಹಾರಿಸಿದ್ದು ಅದೇ ಊರಲ್ಲಿ. ಮೊದಲ ಮಹಾಯುದ್ಧದ ರಣರಂಗ ಸೋಮ್‌ನಲ್ಲಿ ಸತ್ತ ಅಜ್ಜನಿಗೆ ಒಂದು ಭಾವನೆ, ಡೆರಿಯಲ್ಲಿ ಗುಂಡು ಹೊಡೆದವನಿಗೆ ಇನ್ನೊಂದು. ಹೂವು ಒಂದೇ ಆಗಿರೋದೇ ತಕರಾರು.

ದೊಡ್ಡಪೇಟೆ_ಓದುಗ, ದಾವಣಗೆರೆ

ಬಹಳ ಉಪಕಾರ ಆಯ್ತು. ಮೊದಲ ಮಹಾಯುದ್ಧದಲ್ಲಿ ಹೈಫಾದಲ್ಲಿ (ಈಗಿನ ಇಸ್ರೇಲ್) ಬ್ರಿಟಿಷರ ಪರ ಕಾದಿದ ಮೈಸೂರು ಲ್ಯಾನ್ಸರ್ಸ್ ಜೊತೆ ಹೋಲಿಸಬಹುದಾ?

ಪಟ್ಟಿಪುಸ್ತಕ

ಹೋಲಿಸಿ, ಆದರೆ "ನಾವು ಗೌರವಿಸಿದೆವು, ಅವರು ಮರೆತರು" ಅಂತಲ್ಲ. ಲ್ಯಾನ್ಸರ್ಸ್ ಮಹಾರಾಜರ ಪಡೆ. ಸ್ವಾತಂತ್ರ್ಯದ ನಂತರ ಭಾರತದ ಸೇನೆಯ 61ನೇ ಕ್ಯಾವಲ್ರಿಯೊಳಗೆ ಸೇರಿತು, ಹಾಗಾಗಿ ಸೆಪ್ಟೆಂಬರ್ 23 ಬಂದರೆ ಹೈಫಾ ದಿನ ಆಚರಿಸೋಕೆ ಒಂದು ರೆಜಿಮೆಂಟ್ ಇದೆ. ಕನಾಟ್ ರೇಂಜರ್ಸ್, ಡಬ್ಲಿನ್ ಮತ್ತು ಮನ್‌ಸ್ಟರ್ ಫ್ಯೂಸಿಲಿಯರ್ಸ್, ಲೀನ್‌ಸ್ಟರ್, ರಾಯಲ್ ಐರಿಷ್, ಈ ಐದೂ ರೆಜಿಮೆಂಟುಗಳನ್ನು 1922ರಲ್ಲೇ ವಿಸರ್ಜಿಸಿದರು. ಬಾವುಟಗಳು ವಿಂಡ್ಸರ್ ಕೋಟೆ ಸೇರಿದವು. ಊರಲ್ಲಿ ಉಳಿದದ್ದು ಟ್ರಂಕಿನೊಳಗಿನ ಪದಕ ಮಾತ್ರ.