ಕೆವಿಎಂನಲ್ಲಿ ವಿಂಡೋಸ್ 10, ಡಿಸ್ಕ್ ಸದಾ 100%. ಏನು ಬದಲಿಸಬೇಕು?

ಅಡಿಕೆತೋಟ:
ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಇದೆ, ಒಟ್ಟು 16 ಜಿಬಿ ರ್‍ಯಾಮ್, ಎನ್‌ವಿಎಂಇ ಎಸ್‌ಎಸ್‌ಡಿ. ಅಂಗಡಿ ಲೆಕ್ಕದ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಹಾಗಾಗಿ ವರ್ಟ್ ಮ್ಯಾನೇಜರ್‌ನಲ್ಲಿ (ಕೆವಿಎಂ ಬಳಸಿ ಉಬುಂಟು ಒಳಗೇ ಇನ್ನೊಂದು ಕಂಪ್ಯೂಟರ್, ಅಂದರೆ ವರ್ಚುವಲ್ ಮಷೀನ್, ಓಡಿಸುವ ಸಾಧನ) ವಿಂಡೋಸ್ 10 ಹಾಕಿಕೊಂಡಿದ್ದೇನೆ. ಒಳಗೆ ಟಾಸ್ಕ್ ಮ್ಯಾನೇಜರ್ ತೆಗೆದರೆ ಡಿಸ್ಕ್ ಸದಾ 100%. ಒಂದು ಬಿಲ್ ಸೇವ್ ಮಾಡಿದರೂ ಕಾಯಬೇಕು. ಹೊರಗೆ ಉಬುಂಟು ಚೆನ್ನಾಗಿಯೇ ಓಡುತ್ತಿದೆ. ವಿಂಡೋಸ್‌ಗೆ ಡಿಸ್ಕ್ ಆಗಿ ಕಾಣುವ ಫೈಲ್ ಕ್ಯೂಕೌ2 ರೂಪದ್ದು, 80 ಜಿಬಿ, ಬಸ್ (ಡಿಸ್ಕ್ ಜೋಡಿಸುವ ದಾರಿ) ಸಾಟಾ. ವಿಂಡೋಸ್‌ಗೆ ಕೊಟ್ಟಿರುವುದು 4 ಜಿಬಿ ರ್‍ಯಾಮ್. ಕ್ಯಾಶ್ ಮೋಡ್ (ಡಿಸ್ಕ್ ಡೇಟಾವನ್ನು ರ್‍ಯಾಮ್‌ನಲ್ಲಿ ತಾತ್ಕಾಲಿಕವಾಗಿ ಹೇಗೆ ಇಡಬೇಕು ಅನ್ನುವ ಸೆಟ್ಟಿಂಗ್) ಅನ್ನು 'ಅನ್‌ಸೇಫ್' ಮಾಡಿದರೆ ವೇಗ ಬರುತ್ತದೆ ಅಂತ ಒಬ್ಬರು ಹೇಳಿದರು. ಮಾಡಬಹುದಾ?

ಬೇರು_ಮಟ್ಟ:
ಅನ್‌ಸೇಫ್ ಬೇಡವೇ ಬೇಡ. ಬಿಲ್ ಸೇವ್ ಆದಾಗ ವಿಂಡೋಸ್ 'ಇದನ್ನು ಡಿಸ್ಕ್‌ಗೆ ಬರೆದೇ ತೀರು' ಅಂತ ಫ್ಲಶ್ ಕಳಿಸುತ್ತದೆ. ಅನ್‌ಸೇಫ್‌ನಲ್ಲಿ ಕ್ಯೂಎಮು (ವರ್ಚುವಲ್ ಮಷೀನ್ ಓಡಿಸುವ ಪ್ರೋಗ್ರಾಂ) ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಉಬುಂಟು ದಿಢೀರ್ ಅಂತ ನಿಂತರೆ ಲೆಕ್ಕದ ಫೈಲ್ ಹಾಳಾಗಬಹುದು, ವಿಂಡೋಸ್ ಏಳದೆಯೂ ಹೋಗಬಹುದು. ಬೇಕಾದರೆ ಅಳಿಸಿ ಹಾಕುವಂಥ ಟೆಸ್ಟ್ ಮಷೀನಿಗೆ ಮಾತ್ರ ಅದು ಸರಿ.

ನಿಮ್ಮ ಮುಖ್ಯ ಅಡಚಣೆ ಸಾಟಾ ಬಸ್ ಅಂತ ನನಗೆ ಅನಿಸುತ್ತದೆ. ಇಲ್ಲದ ಒಂದು ಕಂಟ್ರೋಲರ್ ಅನ್ನು ಸಾಫ್ಟ್‌ವೇರ್‌ನಲ್ಲಿ ನಟಿಸಬೇಕು, ಪ್ರತಿ ಓದು ಬರಹಕ್ಕೂ ಆ ನಟನೆಯ ಖರ್ಚು ಇದ್ದೇ ಇರುತ್ತದೆ. ವರ್ಟಿಯೋ ಅಂದರೆ ವರ್ಚುವಲ್ ಮಷೀನಿಗೆಂದೇ ಮಾಡಿದ ಬಸ್. ಅದರಲ್ಲಿ ಆ ನಾಟಕ ಇಲ್ಲ, ತಾನು ವರ್ಚುವಲ್ ಮಷೀನ್ ಒಳಗಿದ್ದೇನೆ ಅಂತ ಡ್ರೈವರ್‌ಗೆ ಗೊತ್ತು, ಕೆಲಸಗಳನ್ನು ಒಟ್ಟಿಗೆ ಸರದಿಗೆ ಹಾಕುತ್ತದೆ.

ಆದರೆ ಸಿ ಡ್ರೈವ್ ಇರುವ ಡಿಸ್ಕಿನ ಬಸ್ ಅನ್ನು ನೇರವಾಗಿ ಬದಲಿಸಬೇಡಿ, ಬೂಟ್ ಆಗುವಾಗ ನೀಲಿ ಪರದೆ ಬರುತ್ತದೆ. ಮೊದಲು 1 ಜಿಬಿಯ ಇನ್ನೊಂದು ಡಿಸ್ಕನ್ನು ವರ್ಟಿಯೋ ಬಸ್‌ನಲ್ಲಿ ಸೇರಿಸಿ. ವಿಂಡೋಸ್ ಒಳಗೆ ಹೋಗಿ ವರ್ಟಿಯೋ-ವಿನ್ ಐಎಸ್‌ಒದಿಂದ ಡ್ರೈವರ್ ಹಾಕಿ, ಆ ಚಿಕ್ಕ ಡಿಸ್ಕ್ ಕಾಣಿಸಿದ ಮೇಲೆ ಶಟ್‌ಡೌನ್ ಮಾಡಿ, ಆಮೇಲೆ ದೊಡ್ಡದನ್ನು ಬದಲಿಸಿ. ಇದಕ್ಕೆಲ್ಲ ಮುಂಚೆ ಡಿಸ್ಕ್ ಫೈಲಿನ ಒಂದು ಕಾಪಿ ತೆಗೆದಿಟ್ಟುಕೊಳ್ಳಿ. ಕ್ಯಾಶ್ 'ನನ್', ಐಒ ಮೋಡ್ 'ನೇಟಿವ್' ಇರಲಿ, ಆಗ ಒಂದೇ ಡೇಟಾ ವಿಂಡೋಸ್ ರ್‍ಯಾಮ್‌ನಲ್ಲೂ ಉಬುಂಟು ರ್‍ಯಾಮ್‌ನಲ್ಲೂ ಎರಡೆರಡು ಸಲ ಕೂರುವುದಿಲ್ಲ.

ನಿಧಾನಿ:
ಬಸ್ ವಿಷಯ ಒಪ್ಪಿದೆ. ಆದರೆ 4 ಜಿಬಿ ರ್‍ಯಾಮ್ ಬಗ್ಗೆ ಯಾರೂ ಮಾತಾಡಲಿಲ್ಲ ಅಲ್ವಾ? ರ್‍ಯಾಮ್ ಸಾಲದೆ ವಿಂಡೋಸ್ ಪೇಜ್ ಫೈಲಿಗೆ (ರ್‍ಯಾಮ್‌ನಲ್ಲಿ ಹಿಡಿಯದ್ದನ್ನು ಡಿಸ್ಕ್‌ನಲ್ಲಿ ಇಡುವ ಫೈಲ್) ಬರೆಯುತ್ತಾ ಕೂತಿದ್ದರೆ ನೀವು ಡಿಸ್ಕನ್ನು ಎಷ್ಟು ತಿದ್ದಿದರೂ ಅಷ್ಟೇ. ರಿಸೋರ್ಸ್ ಮಾನಿಟರ್‌ನ ಡಿಸ್ಕ್ ಟ್ಯಾಬ್ ತೆಗೆದು ಯಾವ ಫೈಲಿಗೆ ಜಾಸ್ತಿ ಬರೆಯುತ್ತಿದೆ ನೋಡಿ. 8 ಜಿಬಿ ಕೊಡಿ, ನಿಮ್ಮ ಹತ್ತಿರ ಇದೆ.

ಇನ್ನೊಂದು, ಅಳತೆ. ರೈಟ್‌ಬ್ಯಾಕ್ ಕ್ಯಾಶ್ (ಬರಹ ಮೊದಲು ಹೋಸ್ಟ್, ಅಂದರೆ ಉಬುಂಟುವಿನ, ರ್‍ಯಾಮ್‌ಗೆ ಹೋಗುವ ಮೋಡ್) ಇದ್ದಾಗ ಒಳಗಿನಿಂದ ಟೆಸ್ಟ್ ಮಾಡಿದರೆ ಎಸ್‌ಎಸ್‌ಡಿಗಿಂತಲೂ ಜಾಸ್ತಿ ವೇಗ ಕಾಣಿಸಬಹುದು, ಅದು ಹೋಸ್ಟ್ ರ್‍ಯಾಮ್‌ನ ವೇಗ ಅಷ್ಟೇ. ದೊಡ್ಡ ಫೈಲ್ ಕಾಪಿ ಮಾಡಿ ನೋಡುವುದರಿಂದಲೂ ನಿಮಗೆ ಉಪಯೋಗ ಇಲ್ಲ. ಲೆಕ್ಕದ ಸಾಫ್ಟ್‌ವೇರ್ ಮಾಡುವುದು ಅಲ್ಲೊಂದು ಇಲ್ಲೊಂದು ಚಿಕ್ಕ ಬರಹ, ಹಾಗಾಗಿ 4 ಕೆಬಿ ರ‍್ಯಾಂಡಮ್ ರೈಟ್ ಅಂಕಿಯನ್ನೇ ನೋಡಿ.

ಅಡಿಕೆತೋಟ:
ಇಬ್ಬರಿಗೂ ತುಂಬಾ ಧನ್ಯವಾದ. ಪೇಜ್ ಫೈಲ್ ನಿಜಕ್ಕೂ ಪಟ್ಟಿಯ ಮೇಲ್ಗಡೆಯೇ ಇತ್ತು. 8 ಜಿಬಿ ಮಾಡಿದ ಕೂಡಲೇ 100% ಇಳಿಯಿತು, ವರ್ಟಿಯೋಗೆ ಹೋದ ಮೇಲೆ ಬಿಲ್ ತಕ್ಷಣ ಸೇವ್ ಆಗುತ್ತಿದೆ. ಈಗ ಕ್ಯೂಕೌ2 ಬಿಟ್ಟು ರಾ ಫೈಲಿಗೆ (ಒಳಗೆ ಯಾವ ವಿಶೇಷ ರಚನೆಯೂ ಇಲ್ಲದ ಡಿಸ್ಕ್ ಫೈಲ್) ಹೋದರೆ ಇನ್ನೂ ಲಾಭ ಇದೆಯಾ?

ಬೇರು_ಮಟ್ಟ:
ನಿಮ್ಮ ಬಳಕೆಗೆ ಸುಮ್ನೆ ಶ್ರಮ. ಕ್ಯೂಕೌ2ನಲ್ಲಿ ಪ್ರತಿ 64 ಕೆಬಿ ತುಂಡು ಎಲ್ಲಿದೆ ಅಂತ 8 ಬೈಟ್‌ನ ಗುರುತು ಇರುತ್ತದೆ, 80 ಜಿಬಿಗೆ ಆ ಪಟ್ಟಿ 10 ಎಂಬಿ ಆಗುತ್ತದೆ. ಹಳೆಯ ಕ್ಯೂಎಮು ಅದರಲ್ಲಿ 1 ಎಂಬಿ ಮಾತ್ರ ರ್‍ಯಾಮ್‌ನಲ್ಲಿ ಇಡುತ್ತಿತ್ತು, ಅಂದರೆ 8 ಜಿಬಿಗೆ ಸಾಲುವಷ್ಟು. ಕ್ಯೂಕೌ2 ನಿಧಾನ ಅನ್ನುವ ಮಾತಿಗೆ ಅದೂ ಒಂದು ಕಾರಣ. ಕ್ಯೂಎಮು 3.1ರಿಂದ ಲಿನಕ್ಸ್‌ನಲ್ಲಿ 32 ಎಂಬಿವರೆಗೆ ಇಡುತ್ತದೆ, ನಿಮ್ಮ ಪಟ್ಟಿ ಪೂರ್ತಿ ಹಿಡಿಯುತ್ತದೆ. ಅದರ ಬದಲು ಹಿಂದೆ ಉಳಿಸಿಟ್ಟ ಡಿಸ್ಕ್ ಸ್ಥಿತಿಗಳು, ಅಂದರೆ ಹಳೆಯ ಸ್ನ್ಯಾಪ್‌ಶಾಟ್‌ಗಳು ಇದ್ದರೆ ತೆಗೆಯಿರಿ, ಡಿಸ್ಕ್ ಸೆಟ್ಟಿಂಗ್‌ನಲ್ಲಿ ಡಿಸ್ಕಾರ್ಡ್ ಮೋಡ್ 'ಅನ್‌ಮ್ಯಾಪ್' ಮಾಡಿ. ಆಮೇಲೆ ವಿಂಡೋಸ್‌ನ ಡ್ರೈವ್ ಆಪ್ಟಿಮೈಸ್ ಒಮ್ಮೆ ಓಡಿಸಿದರೆ ಒಳಗೆ ಅಳಿಸಿದ ಜಾಗ ಉಬುಂಟುವಿಗೆ ವಾಪಸ್ ಸಿಗುತ್ತದೆ.