ಸಹಾಯ ಬೇಕು: ದೊಡ್ಡ ಪಾತ್ರೆಯ ಕ್ರಿಯೋಲ್ ಜಂಬಲಾಯಕ್ಕೆ ಸಾರಿನ ಅಳತೆ ಎಷ್ಟು?

ಅಮೆರಿಕದ ನ್ಯೂ ಆರ್ಲಿಯನ್ಸ್ ಶೈಲಿಯ, ಅಂದರೆ ಟೊಮೆಟೊ ಹಾಕುವ ಕ್ರಿಯೋಲ್ ಜಂಬಲಾಯವನ್ನು (ಮಾಂಸ, ತರಕಾರಿಗಳ ಜೊತೆ ಅಕ್ಕಿ ಬೇಯಿಸಿ ಮಾಡುವ ಅನ್ನದ ಅಡುಗೆ) ಮುಂದಿನ ವಾರ ಸುಮಾರು 20 ಜನರಿಗೆ ಒಂದೇ ಪಾತ್ರೆಯಲ್ಲಿ ಮಾಡಬೇಕಾಗಿರುವುದರಿಂದ ಅನುಭವವುಳ್ಳವರ ಸಲಹೆಯನ್ನು ಕೋರುತ್ತಿದ್ದೇನೆ. ಹೊಗೆ ಹಿಡಿಸಿದ ಆಂಡೂಯಿ ಸಾಸೇಜಿನ ಬಿಲ್ಲೆಗಳನ್ನು ಮೊದಲು ಕೆಂಪಗೆ ಹುರಿದು, ಅದೇ ಜಿಡ್ಡಿನಲ್ಲಿ ಈರುಳ್ಳಿ, ಸೆಲರಿ ಮತ್ತು ದೊಣ್ಣೆಮೆಣಸಿನಕಾಯಿಯನ್ನು ಬಾಡಿಸಿ, ತಳಕ್ಕೆ ಹತ್ತಿದ ಕಂದು ಪದರವನ್ನು ಸ್ವಲ್ಪ ಸಾರು (ಮಾಂಸ ಅಥವಾ ತರಕಾರಿ ಬೇಯಿಸಿ ಸೋಸಿದ ನೀರು, ಅಂದರೆ ಸ್ಟಾಕ್) ಹಾಕಿ ಕೆರೆದು ಬಿಡಿಸಿಕೊಳ್ಳುವವರೆಗಿನ ಕ್ರಮದ ಬಗ್ಗೆ ನನಗೆ ಸಂದೇಹವಿಲ್ಲ. ರುಚಿಯ ಮುಕ್ಕಾಲು ಪಾಲು ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ತೊಡಕಿರುವುದು ಅಕ್ಕಿ ಹಾಕಿದ ಮೇಲೆ.

ಉದ್ದ ಕಾಳಿನ ಅಕ್ಕಿ ಒಂದು ಲೋಟಕ್ಕೆ ಎರಡು ಲೋಟ ಸಾರು ಎಂಬ ಲೆಕ್ಕ ಚಿಕ್ಕ ಪ್ರಮಾಣಕ್ಕೆ ಸರಿಹೊಂದುತ್ತದೆಯಾದರೂ, ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವ ಪಾಲು ಕಡಿಮೆಯಾಗುವುದರಿಂದ ಮತ್ತು ಟೊಮೆಟೊ, ತರಕಾರಿಗಳೂ ನೀರು ಬಿಡುವುದರಿಂದ, ತಳದ ಅನ್ನ ಮುದ್ದೆಯಾಗಿ ಮೇಲಿನ ಅಗುಳು ನಡುವೆ ಗಟ್ಟಿಯಾಗಿಯೇ ಉಳಿಯುವ ಸಂಭವವಿದೆ. ಆಗಾಗ ಕಲಕಿದರೆ ಅಗುಳು ಮುರಿದು ಅಂಟಂಟಾಗುತ್ತದೆ. ಹೀಗಿರುವಾಗ ಸಾರನ್ನು ಎಷ್ಟರ ಮಟ್ಟಿಗೆ ಕಡಿಮೆ ಮಾಡಬೇಕು? ಒಲೆಯ ಬದಲು ಓವನ್‌ನಲ್ಲಿ ಮುಚ್ಚಿಟ್ಟು ಬೇಯಿಸಿದರೆ ಶಾಖ ಸಮನಾಗಿ ತಗಲುತ್ತದೆಯೇ? ಸೀಗಡಿಯನ್ನು ಕೊನೆಯ ಕೆಲವು ನಿಮಿಷಗಳಲ್ಲಿ ಸೇರಿಸುವವನಿದ್ದೇನೆ, ಅದರ ಚಿಂತೆಯಿಲ್ಲ. ಟೊಮೆಟೊ ಬಿಟ್ಟು ಕೇಜನ್ ಕ್ರಮದಲ್ಲಿ ಮಾಡಿರೆಂಬ ಸಲಹೆ ಮಾತ್ರ ದಯವಿಟ್ಟು ಬೇಡ. ಬರುವವರು ಕೇಳಿರುವುದು ಕೆಂಪು ಜಂಬಲಾಯವನ್ನೇ.