ಅಪ್‌ಡೇಟ್: ರೇಗನ್ಸ್‌ಬರ್ಗ್‌ನಲ್ಲಿ ಇಳಿದೇಬಿಟ್ಟೆವು!

ಪ್ರಾಗ್‌ನಿಂದ ಮ್ಯೂನಿಕ್‌ಗೆ ಹೋಗುವ ದಾರಿಯಲ್ಲಿ ಜರ್ಮನಿಯ ರೇಗನ್ಸ್‌ಬರ್ಗ್ ಅನ್ನೋ ಊರು ಸಿಗುತ್ತೆ, ಇಳಿಯಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಬೇಡ ಎಂದವರೇ ಜಾಸ್ತಿ. ಆದರೂ ರೈಲು ನಿಂತಾಗ ನಮ್ಮವರೂ ನಾನೂ ಮುಖ ಮುಖ ನೋಡಿಕೊಂಡು, ಬ್ಯಾಗ್ ಹೆಗಲಿಗೇರಿಸಿ ಇಳಿದೆವು. ತುಂಬಾ ಒಳ್ಳೇದಾಯ್ತು.

ಸ್ಟೇಷನ್ ಲಾಕರ್‌ನಲ್ಲಿ ಬ್ಯಾಗ್ ಇಟ್ಟು ಹಳೇ ಊರಿಗೆ ನಡೆದೇ ಹೋದೆವು. ಡ್ಯಾನ್ಯೂಬ್ ಮೇಲಿನ ಕಲ್ಲಿನ ಸೇತುವೆ 1135ರಲ್ಲಿ ಶುರುವಾಗಿ 1146ಕ್ಕೆ ಮುಗಿದದ್ದು. ಕಂಬಗಳ ಬುಡದ ಕಟ್ಟೆ ಎಷ್ಟು ಅಗಲ ಅಂದರೆ, ನದಿ ಸಂದಿಯಲ್ಲಿ ನುಗ್ಗಿ ಸುಳಿ ಸುಳಿಯಾಗಿ ತಿರುಗುತ್ತೆ. ಅಲ್ಲಿಂದ ಕದಲೋಕೇ ಮನಸ್ಸಾಗಲಿಲ್ಲ.

ನನಗೆ ಇನ್ನೂ ಇಷ್ಟವಾದದ್ದು ಪೋರ್ಟಾ ಪ್ರೆಟೋರಿಯಾ. ಕ್ರಿ.ಶ. 179ರಲ್ಲಿ ರೋಮನ್ನರು ಕಟ್ಟಿದ ಸೈನ್ಯದ ಕೋಟೆಯ ಬಾಗಿಲು. ಈಗಿನ ಕಟ್ಟಡದ ಬಿಳಿ ಗೋಡೆಯೊಳಗೆ ಆ ದಪ್ಪ ಬೂದು ಕಲ್ಲುಗಳು ಹಾಗೇ ಸೇರಿಕೊಂಡಿವೆ. ಟಿಕೆಟ್ ಇಲ್ಲ, ಕಾವಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಹಳೇ ಊರು ಬಹುಪಾಲು ಉಳಿದುಕೊಂಡಿತು. ಅದಕ್ಕೇ ಇದೆಲ್ಲ ನಮಗೆ ನೋಡೋಕೆ ಸಿಕ್ತು ಅಲ್ವಾ? ಖಗೋಳ ವಿಜ್ಞಾನಿ ಕೆಪ್ಲರ್ ತೀರಿಕೊಂಡದ್ದೂ ಇದೇ ಊರಲ್ಲಿ, 1630ರಲ್ಲಿ.

ಊಟದ ಬಗ್ಗೆ ಕೇಳಿದವರಿಗೆ: ಸೇತುವೆ ಪಕ್ಕದ ‘ಹಳೇ ಅಡುಗೆಮನೆ’ ಹೋಟೆಲು ಸಾಸೇಜ್‌ಗೆ ಹೆಸರುವಾಸಿ. ಸಸ್ಯಾಹಾರಿಗಳಾದ ನಾವು ಬ್ರೆಟ್ಸೆಲ್ (ಗಂಟು ಹಾಕಿದಂಥ ಬ್ರೆಡ್), ಚೀಸ್ ತಿಂದೆವು, ಹೊಟ್ಟೆ ತುಂಬಿತು.

ಮ್ಯೂನಿಕ್‌ಗೆ ಲೋಕಲ್ ರೈಲಲ್ಲಿ ಹೋದೆವು. ಇಬ್ಬರಿಗೂ ಸೇರಿ ಒಂದೇ ಬವೇರಿಯಾ (ಈ ಎರಡೂ ಊರಿರುವ ರಾಜ್ಯ) ಡೇ ಟಿಕೆಟ್ ಸಾಕು. ವಾರದ ದಿನಗಳಲ್ಲಿ ಬೆಳಗ್ಗೆ 9ರ ನಂತರವೇ ನಡೆಯುತ್ತೆ, ನೆನಪಿರಲಿ.